ಪ್ಯಾಕೆಟ್ ಮೀಲ್ ಬಾರ್ ಒಂದು ಊಟಕ್ಕೆ ಸಮವೇ? ಚಿಕ್ಕಿ, ಕರದಂಟು, ಪುಟಾಣಿ ಪಕ್ಕದಲ್ಲಿಟ್ಟು ನೋಡೋಣ

ಮಿರ್ಚಿ ಭಜಿ ಬಿಡಿ, ದಿನಕ್ಕೊಂದು ಬಾರ್ ತಿನ್ನಿ, ಒಂದು ಊಟಕ್ಕೆ ಸಮ ಎನ್ನುವ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಅದರ ಬೆನ್ನಿಗೇ ಮತ್ತೊಂದು ಬರುತ್ತದೆ: ಬಾರ್‌ನಲ್ಲಿ ಇರುವುದು ಬರೀ ಕೆಮಿಕಲ್, ಮಕ್ಕಳಿಗೆ ಕೊಟ್ಟರೆ ಕಿಡ್ನಿ ಹೋಗುತ್ತದೆ. ಎರಡನ್ನೂ ಕಳಿಸಿದವರು ಒಬ್ಬರೇ ಆಗಿರುವುದೂ ಉಂಟು. ಈ ಎರಡು ಮಾತುಗಳ ನಡುವೆ ಸತ್ಯ ಎಲ್ಲಿದೆ ಎಂದು ತಿಳಿಯಲು ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಬಾರ್‌ನ ಹಿಂಭಾಗದ ಸಣ್ಣ ಅಕ್ಷರ ಮತ್ತು ಸ್ವಲ್ಪ ಗುಣಾಕಾರ ಸಾಕು.

ಕೆಲವು ವರ್ಷಗಳ ಹಿಂದೆ ಗ್ರಾನೋಲಾ ಬಾರ್, ಪ್ರೋಟೀನ್ ಬಾರ್, ಎನರ್ಜಿ ಬಾರ್ ಎಂದರೆ ಬೆಂಗಳೂರಿನ ಜಿಮ್‌ಗೆ ಹೋಗುವವರ ತಿನಿಸು. ಈಗ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಂಥ ತಾಲೂಕು ಊರುಗಳಿಗೂ ಆನ್‌ಲೈನ್ ಆರ್ಡರ್ ಮೂಲಕ ಬರುತ್ತಿದೆ, ಮೆಡಿಕಲ್ ಶಾಪ್‌ನಲ್ಲಿ ಸಿಗುತ್ತದೆ, ಕಿರಾಣಿ ಅಂಗಡಿಯಲ್ಲಿ ಚಿಪ್ಸ್ ಸರದ ಪಕ್ಕದಲ್ಲಿ ತೂಗುತ್ತದೆ. ಬೆಳಗ್ಗೆ ಏಳರ ಬಸ್ ಹಿಡಿದು ಹಳ್ಳಿಯಿಂದ ಕಾಲೇಜಿಗೆ ಬರುವ ಹುಡುಗಿಗೆ ನಾಷ್ಟಾ ಮಾಡಲು ಸಮಯವಿರುವುದಿಲ್ಲ. ಬ್ಯಾಗಿನಲ್ಲಿ ಒಂದು ಬಾರ್ ಇದ್ದರೆ ಸಾಕು ಎಂದು ಮನೆಯವರಿಗೂ ಅನ್ನಿಸುತ್ತದೆ. ಹಾಗೆ ಅನ್ನಿಸುವುದು ತಪ್ಪಲ್ಲ. ಆದರೆ ಅದಕ್ಕೆ ಕೊಡುವ ದುಡ್ಡಿಗೆ ಹೊಟ್ಟೆಗೆ ಏನು ಸಿಗುತ್ತಿದೆ ಎಂಬ ಲೆಕ್ಕ ಗೊತ್ತಿರಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ (2019-21) ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 47.8ರಷ್ಟು ಜನರಿಗೆ ರಕ್ತಹೀನತೆ ಇದೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಕ್ಕಳ ಎತ್ತರ ವಯಸ್ಸಿಗೆ ತಕ್ಕಷ್ಟಿಲ್ಲ. ಇಂಥ ಕಡೆ ತಿಂಡಿಗೆಂದು ಖರ್ಚಾಗುವ ಇಪ್ಪತ್ತು-ಮೂವತ್ತು ರೂಪಾಯಿ ಸಣ್ಣ ಮಾತಲ್ಲ.

ಬಾರ್ ಹುಟ್ಟಿದ್ದು ಯಾರಿಗಾಗಿ?

ಇವತ್ತಿನ ಎನರ್ಜಿ ಬಾರ್‌ಗಳ ಮೂಲಪುರುಷ ಎಂದು ಸಾಮಾನ್ಯವಾಗಿ ಹೆಸರಿಸುವುದು ಪವರ್‌ಬಾರ್ ಅನ್ನು. ಕೆನಡಾದ ಮ್ಯಾರಥಾನ್ ಓಟಗಾರ ಬ್ರಯನ್ ಮ್ಯಾಕ್ಸ್‌ವೆಲ್ 1986ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಅದನ್ನು ಮಾರುಕಟ್ಟೆಗೆ ತಂದರು. ಉದ್ದೇಶ ಸ್ಪಷ್ಟವಿತ್ತು. ಗಂಟೆಗಟ್ಟಲೆ ಓಡುವವರಿಗೆ, ಸೈಕಲ್ ತುಳಿಯುವವರಿಗೆ ನಡುದಾರಿಯಲ್ಲಿ ಬೇಗ ಜೀರ್ಣವಾಗುವ ಸಕ್ಕರೆ, ಹಿಟ್ಟಿನ ಅಂಶ ಬೇಕು. ಕೈಯಲ್ಲಿ ಹಿಡಿದು ತಿನ್ನುವಂತಿರಬೇಕು, ಜೇಬಿನಲ್ಲಿ ಕೆಡಬಾರದು.

ಈ ಅರ್ಥದಲ್ಲಿ ಬಾರ್ ನಿಜವಾಗಿ ಒಪ್ಪುವವರು ವಿಜಯಪುರ ಜಿಲ್ಲೆಯಲ್ಲೇ ಇದ್ದಾರೆ. ಸೈಕ್ಲಿಂಗ್‌ಗೆ ಹೆಸರಾದ ಜಿಲ್ಲೆ ಇದು. ಬೆಳಗಿನ ಜಾವ ಹೆದ್ದಾರಿಯಲ್ಲಿ ಐವತ್ತು-ಅರವತ್ತು ಕಿಲೋಮೀಟರ್ ತುಳಿಯುವ ಹುಡುಗ ಹುಡುಗಿಯರಿಗೆ 12 ಗ್ರಾಂ ಸಕ್ಕರೆ ಇರುವ ಬಾರ್ ಅಪಾಯವೇನಲ್ಲ, ಅದು ಇಂಧನ. ಅದೇ ಬಾರ್ ಅನ್ನು ಕುರ್ಚಿಯ ಮೇಲೆ ಕುಳಿತು, ಮೊಬೈಲ್ ನೋಡುತ್ತ, ಚಹಾದ ಜತೆ ತಿಂದರೆ ಅದು ಬಿಸ್ಕೀಟಿನ ಅಣ್ಣ ಅಷ್ಟೇ. ಬಾರ್ ಬದಲಾಗಿಲ್ಲ, ತಿನ್ನುವವರ ಕೆಲಸ ಬದಲಾಗಿದೆ. ಜಾಹೀರಾತು ಮಾತ್ರ ಓಟಗಾರನದ್ದೇ ಚಿತ್ರ ಹಾಕುತ್ತದೆ.

"ಒಂದು ಊಟಕ್ಕೆ ಸಮ" ಎಂಬ ಮಾತು

ಮೊದಲು ಗಾತ್ರ ನೋಡಿ. ಮಾರುಕಟ್ಟೆಯಲ್ಲಿರುವ ಬಹಳಷ್ಟು ಬಾರ್‌ಗಳು 20ರಿಂದ 60 ಗ್ರಾಂ ತೂಗುತ್ತವೆ. 40 ಗ್ರಾಂನ ಬಾರ್ ಸುಮಾರು 150ರಿಂದ 200 ಕಿಲೋ ಕ್ಯಾಲೊರಿ ಕೊಡುತ್ತದೆ. ಲೇಬಲ್‌ಗಳ ಮೇಲಿನ ಶೇಕಡಾ ಲೆಕ್ಕವೆಲ್ಲ ದಿನಕ್ಕೆ 2000 ಕಿಲೋ ಕ್ಯಾಲೊರಿ ಎಂಬ ಆಧಾರದ ಮೇಲಿದೆ. ಮೂರು ಊಟಕ್ಕೆ ಹಂಚಿದರೆ ಒಂದು ಊಟಕ್ಕೆ 600ಕ್ಕೂ ಹೆಚ್ಚು. ಅಂದರೆ ಬಾರ್ ಒಂದು ಊಟದ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು.

ತೂಕ ಇಳಿಸಲು ಊಟದ ಬದಲಿಗೆ ಕೊಡುವ ವಿಶೇಷ ಆಹಾರಕ್ಕೆ ಅಂತಾರಾಷ್ಟ್ರೀಯ ಆಹಾರ ಮಾನದಂಡ ಸಂಸ್ಥೆ ಕೋಡೆಕ್ಸ್ 1991ರಲ್ಲೇ ನಿಯಮ ಮಾಡಿದೆ. ಒಂದು ಊಟದ ಬದಲಿಗೆ ಬರುವ ಆಹಾರ 200ರಿಂದ 400 ಕಿಲೋ ಕ್ಯಾಲೊರಿ ಕೊಡಬೇಕು, ಅದರ ಶೇ 25ರಿಂದ 50ರಷ್ಟು ಶಕ್ತಿ ಪ್ರೋಟೀನ್‌ನಿಂದ ಬರಬೇಕು, ಜೀವಸತ್ವ ಖನಿಜಗಳೂ ನಿಗದಿತ ಪ್ರಮಾಣದಲ್ಲಿರಬೇಕು. ಅಂಗಡಿಯಲ್ಲಿ ತೂಗುವ ಓಟ್ಸ್-ಜೇನು ಬಾರ್ ಈ ಗುಂಪಿಗೆ ಸೇರುವುದಿಲ್ಲ. ಅದು ತಿಂಡಿ. ಬೆಳಗಿನ ನಾಷ್ಟಾ ಬಿಟ್ಟು ಅದನ್ನು ತಿಂದ ಕಾಲೇಜು ಹುಡುಗಿಗೆ ಹನ್ನೊಂದು ಗಂಟೆಗೆ ಹಸಿವಾಗುತ್ತದೆ, ಆಗ ಕ್ಯಾಂಟೀನ್‌ನಲ್ಲಿ ಸಮೋಸಾ. ಬಾರ್‌ಗೂ ಖರ್ಚು, ಸಮೋಸಾಕ್ಕೂ ಖರ್ಚು.

ಮುಂಭಾಗ ಹೇಳುವುದು ಒಂದು, ಹಿಂಭಾಗ ಹೇಳುವುದು ಇನ್ನೊಂದು

ಪ್ಯಾಕೆಟ್‌ನ ಮುಂಭಾಗದಲ್ಲಿ ದೊಡ್ಡದಾಗಿ "ರಿಚ್ ಇನ್ ಪ್ರೋಟೀನ್" ಎಂದಿರುತ್ತದೆ. ಇದು ಸುಳ್ಳಲ್ಲ, ಆದರೆ ಅದರ ಅಳತೆಗೋಲು ಏನೆಂದು ತಿಳಿದರೆ ನಗು ಬಂದೀತು. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ, 2018ರಲ್ಲಿ ಮಾಡಿದ ಜಾಹೀರಾತು ಮತ್ತು ಹಕ್ಕೊತ್ತಾಯಗಳ ನಿಯಮದ ಪ್ರಕಾರ ಘನ ಆಹಾರವೊಂದರ 100 ಗ್ರಾಂನಲ್ಲಿ ದಿನದ ಅಗತ್ಯದ ಶೇ 20ರಷ್ಟು ಪ್ರೋಟೀನ್ ಇದ್ದರೆ ಹಾಗೆ ಬರೆದುಕೊಳ್ಳಬಹುದು. ಐಸಿಎಂಆರ್-ಎನ್ಐಎನ್ 2020ರ ಶಿಫಾರಸಿನಂತೆ 65 ಕಿಲೋ ತೂಕದ ಗಂಡಸಿಗೆ ದಿನಕ್ಕೆ 54 ಗ್ರಾಂ ಪ್ರೋಟೀನ್ ಬೇಕು. ಅದರ ಶೇ 20 ಎಂದರೆ ಸುಮಾರು 11 ಗ್ರಾಂ. ಇದು 100 ಗ್ರಾಂ ಬಾರ್‌ಗೆ. ನೀವು ತಿನ್ನುವುದು 30 ಗ್ರಾಂನ ಬಾರ್ ಆದರೆ ನಿಮಗೆ ಸಿಗುವುದು ಮೂರು ಚಿಲ್ಲರೆ ಗ್ರಾಂ.

ನಮ್ಮ ಬಿಳಿಜೋಳದಲ್ಲಿ 100 ಗ್ರಾಂಗೆ ಸುಮಾರು 10 ಗ್ರಾಂ ಪ್ರೋಟೀನ್ ಇದೆ. ಸಜ್ಜೆಯಲ್ಲಿ ಸುಮಾರು 11 ಗ್ರಾಂ. ಲೆಕ್ಕದ ಪ್ರಕಾರ ಸಜ್ಜೆ ಹಿಟ್ಟಿನ ಚೀಲದ ಮೇಲೂ "ರಿಚ್ ಇನ್ ಪ್ರೋಟೀನ್" ಎಂದು ಬರೆಯುವ ಹತ್ತಿರ ಬಂದಿದ್ದೇವೆ! ಶೇಂಗಾದಲ್ಲಿ 100 ಗ್ರಾಂಗೆ ಸುಮಾರು 23 ಗ್ರಾಂ ಇದೆ, ಆ ಗೆರೆಯ ಎರಡು ಪಟ್ಟು.

"ನೋ ಆ್ಯಡೆಡ್ ಶುಗರ್" ಎಂಬ ಸಾಲು ಇನ್ನೊಂದು. ಸಕ್ಕರೆ ಸುರಿದಿಲ್ಲ, ನಿಜ. ಆದರೆ ಬಾರ್‌ನ ಅರ್ಧದಷ್ಟು ಖರ್ಜೂರವಿದ್ದರೆ? ಒಣ ಖರ್ಜೂರದ ತೂಕದಲ್ಲಿ ಹತ್ತಿರ ಹತ್ತಿರ ಮೂರನೇ ಎರಡು ಭಾಗ ಸಕ್ಕರೆಯೇ. ಇಡೀ ಹಣ್ಣಿನಲ್ಲಿ ನಾರು, ಪೊಟ್ಯಾಸಿಯಂ ಇರುವುದರಿಂದ ಅದು ಸಕ್ಕರೆ ಪಾಕಕ್ಕಿಂತ ವಾಸಿ ಎನ್ನಬಹುದು. ಆದರೂ ಸಕ್ಕರೆ ಕಾಯಿಲೆ ಇರುವ ಮನೆಯ ಹಿರಿಯರು ಇದನ್ನು "ಸಕ್ಕರೆ ಇಲ್ಲದ ತಿಂಡಿ" ಎಂದು ಎರಡು ತಿಂದರೆ ಗ್ಲುಕೋಮೀಟರ್ ಬೇರೆ ಮಾತು ಹೇಳುತ್ತದೆ. ಅದಕ್ಕೇ "ಆ್ಯಡೆಡ್ ಶುಗರ್ಸ್" ಸಾಲಿನ ಜತೆ "ಟೋಟಲ್ ಶುಗರ್ಸ್" ಸಾಲನ್ನೂ ನೋಡಬೇಕು.

"ಮಿಲೆಟ್" ಎಂಬ ಪದದ ಬಗ್ಗೆಯೂ ಒಂದು ಮಾತು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷ ಎಂದು ಘೋಷಿಸಿದ ನಂತರ ಈ ಪದ ಎಲ್ಲ ಪ್ಯಾಕೆಟ್‌ಗೂ ಬಂದಿದೆ. ಜೋಳ, ಸಜ್ಜೆ ಬೆಳೆಯುವ ಊರಿನವರೇ ಅದನ್ನು ನೋಡಿ ಮರುಳಾಗುವುದು ತಮಾಷೆ. ಆ ಬಾರ್‌ನಲ್ಲಿ ಸಜ್ಜೆ ಎಷ್ಟು ಶೇಕಡಾ ಇದೆ ಎಂದು ಪದಾರ್ಥಗಳ ಪಟ್ಟಿ ನೋಡಿದರೆ ಗೊತ್ತಾಗುತ್ತದೆ. ನಿಯಮದ ಪ್ರಕಾರ ಆ ಪಟ್ಟಿಯಲ್ಲಿ ಹೆಚ್ಚು ತೂಕದ ಪದಾರ್ಥ ಮೊದಲು, ಕಡಿಮೆ ತೂಕದ್ದು ಕೊನೆಗೆ ಬರಬೇಕು. ಮೊದಲ ಮೂರು ಹೆಸರು ಓದಿ. ಅವು ಓಟ್ಸ್, ಶೇಂಗಾ, ಬಾದಾಮಿ ಆಗಿದ್ದರೆ ಒಂದು ಮಾತು. ಲಿಕ್ವಿಡ್ ಗ್ಲುಕೋಸ್, ಇನ್ವರ್ಟ್ ಸಿರಪ್, ಮಾಲ್ಟೋಡೆಕ್ಸ್‌ಟ್ರಿನ್, ಕಾರ್ನ್ ಸಿರಪ್, ಬ್ರೌನ್ ರೈಸ್ ಸಿರಪ್ ಆಗಿದ್ದರೆ ಅವೆಲ್ಲ ಸಕ್ಕರೆಯ ನೆಂಟರೇ. ಕೆಲವು ಪ್ಯಾಕೆಟ್‌ಗಳಲ್ಲಿ ಸಿಹಿಯನ್ನು ನಾಲ್ಕು ಹೆಸರಿನಲ್ಲಿ ಹಂಚಿ ಹಾಕಿರುತ್ತಾರೆ. ಹಾಗಾದಾಗ ಯಾವುದೂ ಪಟ್ಟಿಯ ತಲೆಯಲ್ಲಿ ಬರುವುದಿಲ್ಲ, ಕೂಡಿಸಿದರೆ ಅದೇ ಎಲ್ಲಕ್ಕಿಂತ ಹೆಚ್ಚು.

ಲೆಕ್ಕ ಹೀಗೆ ಮಾಡಿ. ಹಿಂಭಾಗದಲ್ಲಿ 100 ಗ್ರಾಂಗೆ 30 ಗ್ರಾಂ ಸಕ್ಕರೆ ಎಂದಿದೆ, ಬಾರ್ 40 ಗ್ರಾಂ ಇದೆ ಎಂದುಕೊಳ್ಳೋಣ. 30ನ್ನು 40ರಿಂದ ಗುಣಿಸಿ 100ರಿಂದ ಭಾಗಿಸಿದರೆ 12. ಒಂದು ಚಹಾ ಚಮಚ ಸಕ್ಕರೆ ಸುಮಾರು 4 ಗ್ರಾಂ, ಹಾಗಾಗಿ ಇದು ಮೂರು ಚಮಚ. ವಿಶ್ವ ಆರೋಗ್ಯ ಸಂಸ್ಥೆ 2015ರ ಮಾರ್ಗಸೂಚಿಯಲ್ಲಿ ಸೇರಿಸಿದ ಸಕ್ಕರೆ ದಿನದ ಶಕ್ತಿಯ ಶೇ 10ಕ್ಕಿಂತ ಕಡಿಮೆ, ಸಾಧ್ಯವಾದರೆ ಶೇ 5ಕ್ಕಿಂತ ಕಡಿಮೆ ಇರಲಿ ಎಂದಿದೆ. 2000 ಕಿಲೋ ಕ್ಯಾಲೊರಿಗೆ ಅದು 50 ಗ್ರಾಂ ಮತ್ತು 25 ಗ್ರಾಂ. ದಿನಕ್ಕೆ ನಾಲ್ಕು ಕಪ್ ಸಿಹಿ ಚಹಾ ಕುಡಿಯುವವರು ಆ 25 ಗ್ರಾಂ ಅನ್ನು ಮಧ್ಯಾಹ್ನದೊಳಗೇ ಮುಗಿಸಿರುತ್ತಾರೆ.

ಲೇಬಲ್ ಕನ್ನಡದಲ್ಲಿಲ್ಲ, ಇದೇ ದೊಡ್ಡ ತೊಡಕು

ಇಷ್ಟೆಲ್ಲ ಓದಿ ಎನ್ನುವುದು ಸುಲಭ. ಆದರೆ ಓದುವುದು ಯಾವ ಭಾಷೆಯಲ್ಲಿ? ಎಫ್‌ಎಸ್‌ಎಸ್‌ಎಐನ 2020ರ ಲೇಬಲಿಂಗ್ ನಿಯಮದ ಪ್ರಕಾರ ಕಡ್ಡಾಯ ಮಾಹಿತಿ ಇಂಗ್ಲಿಷ್‌ನಲ್ಲಿ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇದ್ದರೆ ಸಾಕು. ಬೇರೆ ಭಾಷೆಯನ್ನು ಹೆಚ್ಚುವರಿಯಾಗಿ ಬಳಸಲು ಅಡ್ಡಿಯಿಲ್ಲ, ಆದರೆ ಬಳಸಲೇಬೇಕೆಂದಿಲ್ಲ. ಹೀಗಾಗಿ ಸಿಂದಗಿಯ ಅಂಗಡಿಯಲ್ಲಿ ಕನ್ನಡ ಮಾತ್ರ ಓದಬಲ್ಲ ತಾಯಿಗೆ ಕಾಣುವುದು ಮುಂಭಾಗದ ಬಾದಾಮಿ ಚಿತ್ರ. ಸಕ್ಕರೆಯ ಅಂಕಿ ಅವರ ಪಾಲಿಗೆ ಇದ್ದೂ ಇಲ್ಲ. ನನ್ನ ಮಟ್ಟಿಗೆ ಬಾರ್‌ನಲ್ಲಿ ಏನು ಹಾಕುತ್ತಾರೆ ಎಂಬುದಕ್ಕಿಂತ ದೊಡ್ಡ ಸಮಸ್ಯೆ ಇದು. ತಿಂದವರಿಗೆ ತಿಂದದ್ದು ಏನೆಂದು ತಿಳಿಯುವ ದಾರಿಯನ್ನೇ ಕೊಟ್ಟಿಲ್ಲ.

ಸದ್ಯಕ್ಕೆ ನಮ್ಮ ಕೈಯಲ್ಲಿರುವ ಉಪಾಯ ಮೊಬೈಲ್. ಅನುವಾದ ಆ್ಯಪ್‌ನ ಕ್ಯಾಮೆರಾ ತೆರೆದು ಪ್ಯಾಕೆಟ್‌ನ ಹಿಂಭಾಗಕ್ಕೆ ಹಿಡಿದರೆ ಕನ್ನಡದಲ್ಲಿ ತೋರಿಸುತ್ತದೆ. ಪದಗಳ ಅನುವಾದ ಕೆಲವೊಮ್ಮೆ ವಿಚಿತ್ರವಾಗಿರುತ್ತದೆ, ಅಂಕಿಗಳು ಮಾತ್ರ ಹಾಗೇ ಉಳಿಯುತ್ತವೆ. ನಮಗೆ ಬೇಕಾದ್ದೂ ಅಂಕಿಗಳೇ. ಬಾರ್ ಬಗ್ಗೆ ಗುಂಪಿಗೆ ಫಾರ್ವರ್ಡ್ ಮಾಡುವುದೇ ಆದರೆ ಮುಂಭಾಗದ ಫೋಟೋ ಬದಲು ಈ ಹಿಂಭಾಗದ ಫೋಟೋ ಕಳಿಸಿ ನೋಡಿ.

ನಮ್ಮ ಊರಿನ ಬಾರ್‌ಗಳು

ಬಾರ್ ಎಂಬ ಹೆಸರಿಲ್ಲದ ಬಾರ್‌ಗಳು ನಮ್ಮ ಕಡೆ ಮೊದಲಿನಿಂದಲೂ ಇವೆ. ಶೇಂಗಾ ಚಿಕ್ಕಿ, ನಾಗರ ಪಂಚಮಿಯ ಶೇಂಗಾ ಉಂಡಿ, ಎಳ್ಳುಂಡಿ, ಬಾಣಂತಿಗೆ ಕೊಡುವ ಅಂಟಿನ ಉಂಡಿ. ಮುದ್ದೇಬಿಹಾಳದಿಂದ ದೂರವಲ್ಲದ ಅಮೀನಗಡದ ಕರದಂಟು ಇವೆಲ್ಲವುಗಳ ರಾಜ. ಕರಿದ ಅಂಟು, ಅದೇ ಕರದಂಟು. ತುಪ್ಪದಲ್ಲಿ ಕರಿದ ಅಂಟು, ಬೆಲ್ಲದ ಪಾಕ, ಒಣ ಕೊಬ್ಬರಿ, ಗೋಡಂಬಿ, ಬಾದಾಮಿ, ಉತ್ತತ್ತಿ. ಗೋಕಾಕದ್ದು ಹೆಚ್ಚೋ ಅಮೀನಗಡದ್ದು ಹೆಚ್ಚೋ ಎಂಬ ಜಗಳಕ್ಕೆ ಈ ಲೇಖನದಲ್ಲಿ ಜಾಗವಿಲ್ಲ.

ಆದರೆ ಇವು ಮನೆಯವು, ಬೆಲ್ಲದವು, ಆದ್ದರಿಂದ ಎಷ್ಟು ತಿಂದರೂ ಒಳ್ಳೆಯದು ಎಂಬ ಫಾರ್ವರ್ಡ್ ಕೂಡ ಪೂರ್ತಿ ನಿಜವಲ್ಲ. ಸಮಪಾಲು ಶೇಂಗಾ, ಬೆಲ್ಲ ಹಾಕಿದ 40 ಗ್ರಾಂ ಚಿಕ್ಕಿಯ ಲೆಕ್ಕ ಹಾಕೋಣ. 20 ಗ್ರಾಂ ಶೇಂಗಾದಿಂದ ನಾಲ್ಕೂವರೆ ಗ್ರಾಂ ಆಸುಪಾಸು ಪ್ರೋಟೀನ್, ಸುಮಾರು 100 ಕಿಲೋ ಕ್ಯಾಲೊರಿ. 20 ಗ್ರಾಂ ಬೆಲ್ಲದಿಂದ ಸುಮಾರು 70 ಕಿಲೋ ಕ್ಯಾಲೊರಿ, ಅದರಲ್ಲಿ ಬಹುಪಾಲು ಸಕ್ಕರೆಯೇ. ಅಂದರೆ ನಾಲ್ಕು ಚಮಚದಷ್ಟು. ಬೆಲ್ಲದಲ್ಲಿ ಸ್ವಲ್ಪ ಕಬ್ಬಿಣಾಂಶ ಇರುವುದು ಹೌದು, 100 ಗ್ರಾಂಗೆ ಐದು ಮಿಲಿಗ್ರಾಂನೊಳಗೆ. ಆದರೆ ಅದಕ್ಕಾಗಿ ಯಾರೂ 100 ಗ್ರಾಂ ಬೆಲ್ಲ ತಿನ್ನಬಾರದು. ರಕ್ತದಲ್ಲಿ ಸಕ್ಕರೆ ಏರಿಸುವ ವಿಷಯದಲ್ಲಿ ಬೆಲ್ಲಕ್ಕೂ ಸಕ್ಕರೆಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ.

ಹಾಗೆಂದು ಚಿಕ್ಕಿ ಮತ್ತು ಬಾರ್ ಒಂದೇ ಎಂದೂ ಅಲ್ಲ. ಚಿಕ್ಕಿಯಲ್ಲಿ ಎರಡೇ ಪದಾರ್ಥ, ಎರಡೂ ನಮಗೆ ಗುರುತಿರುವಂಥವು. ಚಾಕೊಲೇಟ್ ಲೇಪನದ ಬಾರ್‌ಗಳಲ್ಲಿ ಸಾಮಾನ್ಯವಾಗಿ ತಾಳೆಯಿಂದ ಬಂದ ಗಟ್ಟಿ ಕೊಬ್ಬು ಇರುತ್ತದೆ. ತಾಳೆ ಎಣ್ಣೆಯ ಅರ್ಧದಷ್ಟು ಸ್ಯಾಚುರೇಟೆಡ್ ಕೊಬ್ಬು. ಶೇಂಗಾದ ಕೊಬ್ಬು ಬಹುಪಾಲು ಅನ್‌ಸ್ಯಾಚುರೇಟೆಡ್, ಹೃದಯಕ್ಕೆ ಅದು ವಾಸಿ. ವನಸ್ಪತಿಯ ಟ್ರಾನ್ಸ್ ಫ್ಯಾಟ್ ಭಯ ಮಾತ್ರ ಮೊದಲಿನಷ್ಟಿಲ್ಲ. 2022ರ ಜನವರಿಯಿಂದ ಎಣ್ಣೆ-ಕೊಬ್ಬಿನಲ್ಲಿ ಅದು ಶೇ 2 ಮೀರಬಾರದು ಎಂಬ ನಿಯಮ ದೇಶದಲ್ಲಿ ಜಾರಿಯಲ್ಲಿದೆ.

ಶಾಲೆಯ ಚಿಕ್ಕಿ ಕಲಿಸಿದ ಪಾಠ

ಬಾರ್ ರೂಪದ ತಿಂಡಿಯನ್ನು ಪೌಷ್ಟಿಕ ಆಹಾರವೆಂದು ಕೊಟ್ಟರೆ ಏನಾಗುತ್ತದೆ ಎಂಬುದನ್ನು ನಮ್ಮ ಸರ್ಕಾರಿ ಶಾಲೆಗಳೇ ನೋಡಿವೆ. 2021ರ ಡಿಸೆಂಬರ್‌ನಲ್ಲಿ ರಾಜ್ಯ ಸರ್ಕಾರ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿಯ ಜತೆ ವಿಜಯಪುರ ಜಿಲ್ಲೆಯ ಶಾಲಾ ಮಕ್ಕಳಿಗೂ ಬಿಸಿಯೂಟದೊಂದಿಗೆ ಮೊಟ್ಟೆ ಅಥವಾ ಬಾಳೆಹಣ್ಣು ಕೊಡಲು ಶುರು ಮಾಡಿತು. ಮೊಟ್ಟೆಗೆ ವಿರೋಧ ಬಂತು, ಪರ-ವಿರೋಧ ಚರ್ಚೆ ನಡೆಯಿತು. ಮೊಟ್ಟೆ ತಿಂದ ಯಾದಗಿರಿಯ ಮಕ್ಕಳನ್ನು ಆಗ ಮೊಟ್ಟೆ ಇರದ ಗದಗದ ಮಕ್ಕಳೊಂದಿಗೆ ಹೋಲಿಸಿದ ಅಧ್ಯಯನದಲ್ಲಿ ಯಾದಗಿರಿಯ ಮಕ್ಕಳ ತೂಕ ಹೆಚ್ಚು ಸುಧಾರಿಸಿದ್ದು ಕಂಡಿತು. 2022ರಲ್ಲಿ ಯೋಜನೆ ಇಡೀ ರಾಜ್ಯಕ್ಕೆ ವಿಸ್ತರಿಸಿದಾಗ ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಅಥವಾ ಶೇಂಗಾ ಚಿಕ್ಕಿ ಎಂದಾಯಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಷನ್ ಮೂರು ವರ್ಷಕ್ಕೆ 1,500 ಕೋಟಿ ರೂಪಾಯಿ ನೆರವಿಗೆ ಒಪ್ಪಂದ ಮಾಡಿಕೊಂಡ ಮೇಲೆ ವಾರಕ್ಕೆ ಆರು ದಿನ ಕೊಡುವಂತಾಯಿತು.

2025ರ ಜನವರಿಯಲ್ಲಿ ಶಿಕ್ಷಣ ಇಲಾಖೆ ಚಿಕ್ಕಿಯನ್ನು ನಿಲ್ಲಿಸಿತು. ಮೊಟ್ಟೆ, ಬಾಳೆಹಣ್ಣು ಮಾತ್ರ ಉಳಿದವು. ಕಾರಣವಾಗಿ ಆಗಿನ ಸುದ್ದಿಗಳಲ್ಲಿ ಬಂದದ್ದು ಚಿಕ್ಕಿಯಲ್ಲಿ ಅನ್‌ಸ್ಯಾಚುರೇಟೆಡ್ ಕೊಬ್ಬು ಮತ್ತು ಸಕ್ಕರೆ ಹೆಚ್ಚು ಎಂಬ ಮಾತು, ಜತೆಗೆ ಪೂರೈಕೆಯ ಗುಣಮಟ್ಟದ ಬಗ್ಗೆ ದೂರು. ಇದರಲ್ಲಿ ಅರ್ಧ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ. ಅನ್‌ಸ್ಯಾಚುರೇಟೆಡ್ ಕೊಬ್ಬು ಶೇಂಗಾದ ದೋಷವಲ್ಲ, ಗುಣ. ಸಕ್ಕರೆಯ ಮಾತು ಸರಿ. ಗುಣಮಟ್ಟದ ಮಾತು ಎಲ್ಲಕ್ಕಿಂತ ಸರಿ, ಏಕೆಂದರೆ ಪ್ಯಾಕ್ ಮಾಡಿದ ತಿಂಡಿ ಯಾವಾಗ ತಯಾರಾಯಿತು, ಎಲ್ಲಿ ಇಟ್ಟಿದ್ದರು ಎಂಬುದು ತಿನ್ನುವ ಮಗುವಿಗೆ ಗೊತ್ತಾಗುವುದಿಲ್ಲ. ಮೊಟ್ಟೆ ಒಡೆದರೆ ಕೆಟ್ಟಿದೆಯೋ ಇಲ್ಲವೋ ಮೂಗಿಗೇ ತಿಳಿಯುತ್ತದೆ.

ಮೊಟ್ಟೆಗೆ ಬದಲಿ ಬಾಳೆಹಣ್ಣು ಎಂಬುದೂ ಸಮವಾದ ಲೆಕ್ಕವಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಒಂದು ಮೊಟ್ಟೆಯಲ್ಲಿ ಆರು ಗ್ರಾಂಗೂ ಹೆಚ್ಚು ಪ್ರೋಟೀನ್, ಒಂದು ಬಾಳೆಹಣ್ಣಿನಲ್ಲಿ ಸುಮಾರು ಒಂದು ಗ್ರಾಂ. ಆ ದೃಷ್ಟಿಯಿಂದ ಚಿಕ್ಕಿ ನಡುವಿನಲ್ಲಿತ್ತು. ಮೊಟ್ಟೆ ಬೇಡ ಎನ್ನುವ ಮನೆಗಳು ಬೆಲ್ಲವಿಲ್ಲದ ಹುರಿದ ಶೇಂಗಾ ಅಥವಾ ಪುಟಾಣಿಯನ್ನು ಮಗುವಿನ ಡಬ್ಬಿಯಲ್ಲಿ ಹಾಕಿದರೆ ಆ ಅಂತರ ಬಹುಮಟ್ಟಿಗೆ ತುಂಬುತ್ತದೆ.

ದುಡ್ಡಿನ ಲೆಕ್ಕ

60 ರೂಪಾಯಿಯ ಬಾರ್‌ನಲ್ಲಿ 10 ಗ್ರಾಂ ಪ್ರೋಟೀನ್ ಇದೆ ಎಂದುಕೊಳ್ಳಿ. ಗ್ರಾಂಗೆ ಆರು ರೂಪಾಯಿ ಬಿತ್ತು. ಶೇಂಗಾ ಕಿಲೋಗೆ 150 ರೂಪಾಯಿ ಎಂದು ಹಿಡಿದರೆ 30 ಗ್ರಾಂಗೆ ನಾಲ್ಕೂವರೆ ರೂಪಾಯಿ, ಅದರಲ್ಲಿ ಏಳು ಗ್ರಾಂ ಪ್ರೋಟೀನ್. ಗ್ರಾಂಗೆ 65 ಪೈಸೆ. ಏಳು ರೂಪಾಯಿಯ ಮೊಟ್ಟೆಯದು ಗ್ರಾಂಗೆ ಒಂದು ರೂಪಾಯಿ ಚಿಲ್ಲರೆ. ಬೆಲೆ ಊರಿಂದೂರಿಗೆ, ತಿಂಗಳಿಂದ ತಿಂಗಳಿಗೆ ಬದಲಾದೀತು, ಆದರೆ ಅಂತರ ಹತ್ತು ಪಟ್ಟಿನ ಹತ್ತಿರದ್ದು.

ಪ್ರೋಟೀನ್‌ನ ಗುಣಮಟ್ಟವೂ ಒಂದು ವಿಷಯ, ನಿಜ. ಹಾಲಿನ ವೇ ಪ್ರೋಟೀನ್ ಹಾಕಿದ ಬಾರ್ ಈ ವಿಷಯದಲ್ಲಿ ಬರೀ ಶೇಂಗಾಕ್ಕಿಂತ ಮೇಲು. ಶೇಂಗಾದಲ್ಲಿ ಲೈಸೀನ್ ಎಂಬ ಅಮೈನೋ ಆಮ್ಲ ಕಡಿಮೆ. ಆದರೆ ನಾವು ಬರೀ ಶೇಂಗಾ ತಿನ್ನುವುದಿಲ್ಲವಲ್ಲ. ರೊಟ್ಟಿ, ತೊಗರಿ ಬೇಳೆ, ಹೆಸರುಕಾಳು ಪಲ್ಯ, ಶೇಂಗಾ ಹಿಂಡಿ, ಮೇಲೊಂದಿಷ್ಟು ಮೊಸರು ಸೇರಿದರೆ ಒಂದರಲ್ಲಿ ಇಲ್ಲದ್ದು ಇನ್ನೊಂದರಲ್ಲಿ ಬರುತ್ತದೆ. ಕೊಲ್ಹಾರದ ಗಟ್ಟಿ ಮೊಸರು ಸಿಗುವವರು ಅದೃಷ್ಟವಂತರು.

ಬಾಯಾಡಿಸಲು ಏನಾದರೂ ಬೇಕು ಎನ್ನುವವರಿಗೆ ಚುರುಮುರಿಗೆ ಪುಟಾಣಿ, ಶೇಂಗಾ, ಹಸಿ ಉಳ್ಳಾಗಡ್ಡಿ, ಮೇಲೆ ಲಿಂಬೆ ಹಿಂಡಿದರೆ ಮುಗಿಯಿತು. ಲಿಂಬೆ ಇಲ್ಲಿ ಬರೀ ರುಚಿಗಲ್ಲ. ಕಾಳು, ಧಾನ್ಯದಲ್ಲಿರುವ ಕಬ್ಬಿಣಾಂಶವನ್ನು ದೇಹ ಸುಲಭವಾಗಿ ಹೀರಿಕೊಳ್ಳುವುದಿಲ್ಲ, ಸಿ ಜೀವಸತ್ವ ಜತೆಗಿದ್ದರೆ ಹೆಚ್ಚು ಹೀರಿಕೊಳ್ಳುತ್ತದೆ. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಇಂಡಿ ಲಿಂಬೆಯ ಊರಿನಲ್ಲಿ ಇದನ್ನು ಹೇಳಬೇಕಾಗಿರುವುದೇ ವಿಚಿತ್ರ. ಚಹಾ ಇದಕ್ಕೆ ತದ್ವಿರುದ್ಧ, ಅದರ ಟ್ಯಾನಿನ್ ಕಬ್ಬಿಣಾಂಶವನ್ನು ಕಟ್ಟಿಹಾಕುತ್ತದೆ. "ಐರನ್ ಫೋರ್ಟಿಫೈಡ್" ಬಾರ್ ಅನ್ನು ಚಹಾದಲ್ಲಿ ಅದ್ದಿ ತಿನ್ನುವುದು ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಿತ್ತುಕೊಂಡಂತೆ. ಒಂದು ಗಂಟೆ ಅಂತರವಿರಲಿ.

ಹಾಗಾದರೆ ಬಾರ್ ಕೆಮಿಕಲ್ಲೇ?

ಈ ಭಯಕ್ಕೂ ಮಿತಿ ಇರಬೇಕು. ಸೋಯಾ ಲೆಸಿಥಿನ್, ಗ್ಲಿಸರಾಲ್ ಎಂಬ ಹೆಸರು ಕಂಡ ಕೂಡಲೇ ವಿಷ ಎನ್ನುವುದು ಸರಿಯಲ್ಲ. ಅನುಮತಿಸಿದ ಪ್ರಮಾಣದಲ್ಲಿ ಅವನ್ನು ಬಳಸಲು ನಿಯಮವೇ ಅವಕಾಶ ಕೊಟ್ಟಿದೆ. ಒಂದು ಬಾರ್ ತಿಂದು ಆರೋಗ್ಯವಂತರ ಕಿಡ್ನಿ ಹೋಗುವುದಿಲ್ಲ. ಆದರೆ ಈಗಾಗಲೇ ಕಿಡ್ನಿ ತೊಂದರೆ ಇರುವವರು ಹೆಚ್ಚು ಪ್ರೋಟೀನ್‌ನ ಬಾರ್ ಆಗಲಿ ಪೌಡರ್ ಆಗಲಿ ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ಫಾರ್ವರ್ಡ್‌ನಲ್ಲಿ ಈ ಎರಡು ಮಾತು ಕಲಸಿಹೋಗಿರುತ್ತವೆ.

ನಿಜವಾದ ಆತಂಕ ಬೇರೆ ಕಡೆ ಇದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ ತಂಡ 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 20 ಜನರನ್ನು ಆಸ್ಪತ್ರೆಯಲ್ಲೇ ಇರಿಸಿ ಎರಡು ವಾರ ಅತಿ-ಸಂಸ್ಕರಿತ ಆಹಾರ, ಎರಡು ವಾರ ಸರಳ ಆಹಾರ ಕೊಟ್ಟರು. ಬಡಿಸಿದ ಎರಡೂ ಊಟಗಳಲ್ಲಿ ಸಕ್ಕರೆ, ಕೊಬ್ಬು, ನಾರು ಹೆಚ್ಚುಕಡಿಮೆ ಸಮವಾಗಿದ್ದವು. ಎಷ್ಟು ತಿನ್ನಬೇಕೆಂಬುದು ಅವರಿಗೇ ಬಿಟ್ಟದ್ದು. ಸಂಸ್ಕರಿತ ಆಹಾರ ಸಿಕ್ಕ ದಿನಗಳಲ್ಲಿ ಜನ ದಿನಕ್ಕೆ ಸುಮಾರು 500 ಕಿಲೋ ಕ್ಯಾಲೊರಿ ಹೆಚ್ಚು ತಿಂದರು. ಪ್ರಯೋಗ ನಡೆದದ್ದು ಬಾರ್ ಮೇಲಲ್ಲ, ಜನರೂ ಕಡಿಮೆ. ಆದರೂ ಮೆತ್ತಗಿನ, ಬೇಗ ನುಂಗುವ ತಿಂಡಿ ಹೊಟ್ಟೆ ತುಂಬಿದ ಸುದ್ದಿ ತಲೆಗೆ ಮುಟ್ಟುವ ಮೊದಲೇ ಮುಗಿದುಹೋಗುತ್ತದೆ ಎಂಬ ಅನುಮಾನಕ್ಕೆ ಅದು ಬಲ ಕೊಟ್ಟಿತು. ಒಣ ಶೇಂಗಾ ಒಂದು ಮುಷ್ಟಿ ಅಗಿಯಲು ಹಿಡಿಯುವ ಹೊತ್ತನ್ನೂ ಬಾರ್ ಒಂದನ್ನು ಮುಗಿಸುವ ಹೊತ್ತನ್ನೂ ನೀವೇ ಗಡಿಯಾರ ಹಿಡಿದು ನೋಡಬಹುದು.

ಸಕ್ಕರೆ ಕಾಯಿಲೆಯವರಿಗೆಂದು ಮಾರುವ "ಶುಗರ್ ಫ್ರೀ" ಬಾರ್‌ಗಳಲ್ಲಿ ಮಾಲ್ಟಿಟಾಲ್, ಸಾರ್ಬಿಟಾಲ್‌ನಂಥ ಪಾಲಿಯೋಲ್‌ಗಳು ಇರುತ್ತವೆ. ಮಾಲ್ಟಿಟಾಲ್‌ನಲ್ಲಿ ಸಕ್ಕರೆಯ ಅರ್ಧದಷ್ಟು ಕ್ಯಾಲೊರಿ ಇದ್ದೇ ಇದೆ, ರಕ್ತದ ಸಕ್ಕರೆಯನ್ನೂ ಸ್ವಲ್ಪ ಏರಿಸುತ್ತದೆ. ಎರಡು-ಮೂರು ಬಾರ್ ತಿಂದರೆ ಹೊಟ್ಟೆ ಉಬ್ಬರ, ಭೇದಿ ಆಗುವುದುಂಟು. ಈ ಎಚ್ಚರಿಕೆಯನ್ನು ಪ್ಯಾಕೆಟ್ ಮೇಲೆ ಬರೆಯಬೇಕೆಂದೇ ನಿಯಮವಿದೆ. ಸಕ್ಕರೆಗೆ ಬದಲಿ ಸಿಹಿಕಾರಕಗಳನ್ನು ತೂಕ ಇಳಿಸುವ ದಾರಿಯಾಗಿ ಬಳಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಅದು ಸ್ಟೀವಿಯಾ, ಸುಕ್ರಲೋಸ್ ಬಗೆಗಿನ ಮಾತು, ಪಾಲಿಯೋಲ್‌ಗಳ ಬಗ್ಗೆ ಅಲ್ಲ.

ಕೊಳ್ಳುವುದೇ ಆದರೆ

ದೂರದ ಪ್ರಯಾಣ, ಆಸ್ಪತ್ರೆಯಲ್ಲಿ ರೋಗಿಯ ಜತೆ ಕೂತ ರಾತ್ರಿ, ಪರೀಕ್ಷಾ ಕೇಂದ್ರದ ಹೊರಗೆ ಕಾಯುವ ಮಧ್ಯಾಹ್ನ. ಇಂಥ ಕಡೆ ಬಾರ್ ಚಿಪ್ಸ್‌ಗಿಂತ, ಕ್ರೀಮ್ ಬಿಸ್ಕೀಟಿಗಿಂತ ವಾಸಿಯೇ. ಮೊದಲ ಪದಾರ್ಥ ಕಾಳು, ಬೀಜ ಅಥವಾ ಇಡೀ ಧಾನ್ಯವಾಗಿರಲಿ. ಬಾರ್ ಒಂದರಲ್ಲಿ ಸಕ್ಕರೆ ಎರಡು ಚಮಚದೊಳಗಿರಲಿ, ಅಂದರೆ 8 ಗ್ರಾಂ. ನಾರು 3 ಗ್ರಾಂ ಆದರೂ ಇರಲಿ. 50 ಗ್ರಾಂ ಜೋಳದ ಹಿಟ್ಟಿನ ಒಂದು ರೊಟ್ಟಿಯಲ್ಲಿ ಸುಮಾರು 5 ಗ್ರಾಂ ನಾರಿದೆ ಎಂಬುದು ನೆನಪಿರಲಿ. ಈ 8 ಮತ್ತು 3 ಸರ್ಕಾರದ ಗೆರೆಗಳಲ್ಲ, ಮೇಲಿನ ಲೆಕ್ಕಗಳನ್ನಿಟ್ಟುಕೊಂಡು ನಾನು ಸೂಚಿಸುತ್ತಿರುವ ಅಂದಾಜು.

ತಯಾರಿಕೆಯ ದಿನಾಂಕವನ್ನು ನಮ್ಮ ಭಾಗದಲ್ಲಿ ಇನ್ನೂ ಎಚ್ಚರದಿಂದ ನೋಡಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ತಗಡಿನ ಶೀಟಿನ ಅಂಗಡಿಯಲ್ಲಿ ಬಿಸಿಲಿಗೆ ತೂಗಿದ ಬಾರ್‌ನ ಎಣ್ಣೆ ಅಂಶ ಎಕ್ಸ್‌ಪೈರಿ ಮುಗಿಯುವ ಮೊದಲೇ ಮುಗ್ಗಲು ಹಿಡಿಯಬಹುದು. ಹಳೆಯ ಶೇಂಗಾದ ಕಹಿ ಬಾಯಿಗೆ ಬಂದರೆ ಉಗುಳಿಬಿಡಿ. ಕರಗಿ ಮತ್ತೆ ಗಟ್ಟಿಯಾದ ಚಾಕೊಲೇಟ್ ಬಾರ್ ಬೆಳ್ಳಗೆ ಪುಡಿ ಕಟ್ಟಿದಂತೆ ಕಾಣುತ್ತದೆ. ಅದು ಬೂಷ್ಟು ಎಂದು ವಿಡಿಯೋ ಹರಿದಾಡುವುದುಂಟು. ಬಹುತೇಕ ಸಂದರ್ಭಗಳಲ್ಲಿ ಅದು ಮೇಲೆ ಬಂದ ಕೊಬ್ಬು, ವಿಷವಲ್ಲ. ಆದರೆ ಆ ಬಾರ್ ಬಿಸಿಲು ಕಂಡಿದೆ ಎಂಬುದಕ್ಕೆ ಸಾಕ್ಷಿ.

ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಶೇಂಗಾ, ಬಾದಾಮಿ ಇರುವ ಬಾರ್ ಅಥವಾ ಗಟ್ಟಿ ಚಿಕ್ಕಿ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ. ಪುಡಿ ಮಾಡಿದ ಶೇಂಗಾ, ಪುಟಾಣಿ ಹಿಟ್ಟನ್ನು ಹಾಲಿನಲ್ಲೋ ಗಂಜಿಯಲ್ಲೋ ಕಲಸಿ ಕೊಡಬಹುದು. ಮೊದಲ ಸಲ ಶೇಂಗಾ ತಿಂದ ಮಗುವಿಗೆ ತುಟಿ ಬಾವು, ಮೈಮೇಲೆ ದದ್ದು, ಉಸಿರಾಟದ ತೊಂದರೆ ಕಾಣಿಸಿದರೆ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಪ್ಯಾಕೆಟ್‌ನಲ್ಲಿ ಹುಳ, ಬೂಷ್ಟು ಕಂಡರೆ ಅಥವಾ 14 ಅಂಕಿಯ ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆಯೇ ಇಲ್ಲದಿದ್ದರೆ ಪ್ಯಾಕೆಟ್ ಎಸೆಯಬೇಡಿ. ಬಿಲ್ ಜತೆ ಎತ್ತಿಟ್ಟು, ಫೋಟೋ ತೆಗೆದು, ಎಫ್‌ಎಸ್‌ಎಸ್‌ಎಐನ ಫುಡ್ ಸೇಫ್ಟಿ ಕನೆಕ್ಟ್ ಆ್ಯಪ್‌ನಲ್ಲಿ ದೂರು ದಾಖಲಿಸಬಹುದು.